ಚೆಲ್ಲದ ನೀರು

ಹಂಡೆಯ ನೀರು ಧಡಾರನೆ ಬಚ್ಚಲಿಗೆ ಬಿದ್ದ ಸದ್ದಿಗೆ ಶಾಂತಾದೇವಿ ಬೆಚ್ಚಿದಳು. ಬೀದಿಯ ತಿರುವಿನಲ್ಲಿ ಭಜನೆಯವರ ತಾಳ ಇನ್ನೂ ಕೇಳುತ್ತಿತ್ತು. ಮೈದುನ ಶಶಿಧರನ ಹೆಣ ಕೂರಿಸಿದ್ದ ಹೂವಿನ ವಿಮಾನ ಅರಸೀಕೆರೆಯ ರೈಲ್ವೆ ಗೇಟನ್ನೂ ದಾಟಿರಲಿಲ್ಲ, ಇಲ್ಲಿ ನಾದಿನಿ ಸರ್ವಮಂಗಳ ಸೆರಗು ಸಿಕ್ಕಿಸಿ ನಿಂತುಬಿಟ್ಟಿದ್ದಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಒಂದು ತೊಟ್ಟೂ ಉಳಿಯಬಾರದು. ಹೆಣ ಹೊಸಿಲು ದಾಟಿದ ಕೂಡಲೇ ಇದ್ದಬದ್ದ ನೀರನ್ನೆಲ್ಲ ಚೆಲ್ಲಿ, ಮನೆ ತೊಳೆದು, ಹೊಸದಾಗಿ ತುಂಬಬೇಕು. ಕೊಳಗ, ಬಿಂದಿಗೆ, ಫ್ರಿಜ್ಜಿನ ಬಾಟಲಿ, ದೇವರ ಮನೆಯ ತಂಬಿಗೆ ಎಲ್ಲ ಬರಿದಾದವು. ಕೊನೆಗೆ ಸರ್ವಮಂಗಳ ಬಕೇಟು, ಚೊಂಬು ಹಿಡಿದು ನಡುಮನೆಗೆ ಬಂದಳು. ಅಲ್ಲಿ ಗೋಡೆಯುದ್ದಕ್ಕೂ ಶಶಿಧರನ ಗಾಜಿನ ತೊಟ್ಟಿ, ಅದರೊಳಗೆ ಅವನ ಎರಡು ಮೀನು.

"ಅತ್ಗೆ, ಇದರ ಪ್ಲಗ್ ಎಲ್ಲೈತೆ? ತೆಗೀರಿ."

"ಅದೊಂದು ಬ್ಯಾಡ ಮಂಗಳ."

"ಬ್ಯಾಡ ಅಂದ್ರೆ? ಇದೂ ನೀರೇ ತಾನೆ? ಅವನ ಜೀವ ಹೋಗಿದ್ದೇ ಇದರ ಮುಂದೆ."

ಅದು ನಿಜ. ನಿನ್ನೆ ಮಧ್ಯಾಹ್ನ ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದವನು, ಎಂದಿನಂತೆ ಸ್ಟೂಲ್ ಎಳೆದುಕೊಂಡು ತೊಟ್ಟಿಯ ಮುಂದೆ ಕೂತ. ಶಾಂತಾದೇವಿ ತಟ್ಟೆ ಹಾಕಿ ಕರೆದಳು. ಮತ್ತೆ ಕರೆದಳು. ಹೋಗಿ ಭುಜ ಮುಟ್ಟಿದಾಗ ತಲೆ ಗಾಜಿಗೆ ಒರಗಿತು. ಐವತ್ತೊಂದು ವರ್ಷದ ಗಂಡಸು ಸಾಯುವಾಗಲೂ ಯಾರಿಗೂ ತೊಂದರೆ ಕೊಡಲಿಲ್ಲ.

"ನೀರು ತೆಗೆದ್ರೆ ಸಾಯ್ತವೆ ಕಣಮ್ಮ."

"ನಲ್ಲಿ ಬಂದೈತಲ್ಲ, ಹೊಸ ನೀರು ತುಂಬಿದ್ರಾಯ್ತು."

"ಹೊಸ ನೀರಲ್ಲೇ ಸಾಯೋದು. ಹಳೇ ನೀರು ಮುಕ್ಕಾಲು ಪಾಲು ಇರ್ಲೇಬೇಕು ಅಂತಿದ್ದ."

"ಅಯ್ಯೋ ಶಿವನೆ! ಸತ್ತೋನ ಹಳೇ ನೀರು ಮನೇಲಿ ಇಟ್ಕೊಂಡು, ಅದರ ಪಕ್ಕ ಎಲೆ ಹಾಕ್ತೀರಾ?" ಸರ್ವಮಂಗಳ ಬಕೇಟನ್ನು ಕೆಳಗಿಟ್ಟು ಚೊಂಬನ್ನು ತೊಟ್ಟಿಯೊಳಗೆ ಅದ್ದಿದಳು.

ಶಾಂತಾದೇವಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಯಾರಿಗೂ ಎದುರು ಮಾತಾಡದ ಹೆಂಗಸು! ಚೊಂಬು ಸರ್ವಮಂಗಳಳ ಕೈಜಾರಿ ತೊಟ್ಟಿಯ ತಳ ಸೇರಿತು.

"ಅಣ್ಣ ಬರ್ಲಿ," ಅಂದಳು ಸರ್ವಮಂಗಳ. "ಅವನೇ ಹೇಳ್ತಾನೆ."

* * *

ಶಾಂತಾದೇವಿ ಮದುವೆಯಾಗಿ ಬಂದಾಗ ಶಶಿಧರನಿಗೆ ತಾಯಿ ಇರಲಿಲ್ಲ, ತಲೆ ಬಾಚಿಕೊಳ್ಳಲೂ ಬರುತ್ತಿರಲಿಲ್ಲ. ಅವಳೇ ಬಾಚಿದಳು, ಅವಳೇ ಸ್ಕೂಲಿಗೆ ಕಳಿಸಿದಳು. ಅವಳಿಗೆ ಮಕ್ಕಳಾಗಲಿಲ್ಲ. ಅವನು ದೊಡ್ಡವನಾಗಿ ಅಣ್ಣನ ಕೊಬ್ಬರಿ ಮಂಡಿಯಲ್ಲಿ ಕೂತ. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಿಟುಕು ಗುಡುಗುಡು ಅಂದರೆ ಒಂದು ಕಡೆ, ಅನ್ನದಿದ್ದರೆ ಇನ್ನೊಂದು ಕಡೆ ಎಸೆಯುವುದು ಅವನ ಕೆಲಸ. ಬೈಯುವುದು, ಕೂಗುವುದು, ರೈತರ ಜೊತೆ ಜಗ್ಗಾಡುವುದು ಅಣ್ಣ, ಶಾಂತಾದೇವಿಯ ಗಂಡ ಕರಿಬಸವಯ್ಯನ ಪಾಲು. ಆ ಗಂಟಲಿಗೆ ಮಂಡಿಯ ತಗಡೇ ನಡುಗಬೇಕು, ಇನ್ನು ಮನೆಯವರ ಪಾಡೇನು?

ಒಮ್ಮೆ ಬೇಲೂರಿನಿಂದ ಹೆಣ್ಣಿನ ಸಂಬಂಧ ಕೂಡಿಬಂತು. ಹುಡುಗಿಗೆ ಶಶಿ ಒಪ್ಪಿಗೆಯಾಗಿದ್ದ, ಶಶಿಗೂ ಹುಡುಗಿ ಒಪ್ಪಿಗೆಯಾಗಿದ್ದಳು. ಮಾತುಕತೆಯ ದಿನ ಛತ್ರದ ವಿಷಯಕ್ಕೆ ಕರಿಬಸವಯ್ಯ ಬೀಗರ ಮೇಲೆ ಎಗರಿದ, ಅವರು ತಾಂಬೂಲ ಬಿಟ್ಟು ಎದ್ದು ಹೋದರು. ಶಶಿ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಬಂದ ಸಂಬಂಧಗಳಿಗೆಲ್ಲ "ಈಗ ಬ್ಯಾಡ ಅತ್ಗೆ" ಅಂದ. ಆ "ಈಗ" ಅನ್ನುವುದು ಮುಗಿಯಲೇ ಇಲ್ಲ.

ಮೀನಿನ ಹುಚ್ಚು ಹಿಡಿದದ್ದು ತಲೆ ನರೆತ ಮೇಲೆ. ಬೆಂಗಳೂರಿಗೆ ಕೊಬ್ಬರಿ ವ್ಯವಹಾರಕ್ಕೆ ಹೋದವನು ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು, ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದ.

"ಲಿಂಗಾಯತರ ಮನೇಲಿ ಮೀನೇನ್ಲಾ?" ಕರಿಬಸವಯ್ಯ ಬೀದಿಗೆ ಕೇಳುವಂತೆ ಕೂಗಿದ.

"ತಿನ್ನಾಕಲ್ಲ ಅಣ್ಣ, ನೋಡಾಕೆ," ಅಂದ ಶಶಿ. ಅವನು ಅಣ್ಣನಿಗೆ ಕೊಟ್ಟ ಅತಿ ದೊಡ್ಡ ಎದುರುತ್ತರ ಅದೇ ಇರಬೇಕು.

ಒಂದು ಮೀನು ಸಿಕ್ಲಿಡ್ ಅನ್ನುವ ಜಗಳಗಂಟ ಜಾತಿಯದು. ಅಂಗೈಯಗಲ, ಕಪ್ಪು ಮೈಮೇಲೆ ಕೆಂಡದ ಬಣ್ಣದ ಪಟ್ಟೆ. ಗಾಜಿನ ಹತ್ತಿರ ಬೆರಳಿಟ್ಟರೂ ನುಗ್ಗಿ ಬರುತ್ತಿತ್ತು. ಇನ್ನೊಂದು ಮೀಸೆಯ ಕ್ಯಾಟ್‌ಫಿಶ್, ತಳದಲ್ಲಿ ತನ್ನಷ್ಟಕ್ಕೆ ತಾನು ಬಿದ್ದಿರುವ ಸಾಧು. ಮೊದಲ ಸಲ ಶಶಿ ಸಣ್ಣ ಕ್ಯಾಟ್‌ಫಿಶ್ ತಂದು ಬಿಟ್ಟು ತಪ್ಪು ಮಾಡಿದ. ಆಗಿದ್ದ ಸಿಕ್ಲಿಡ್ ಅದನ್ನು ನುಂಗಲು ಹೋಗಿ, ಮುಳ್ಳು ಗಂಟಲಿಗೆ ಸಿಕ್ಕಿ, ಎರಡೂ ಸತ್ತವು. ಅವನಿಗೆ ಊಟ ಸೇರಲಿಲ್ಲ. ಎರಡನೆಯ ಸಲ ಹೊಸ ಜೋಡಿ ತಂದು, ಸಾಧುವನ್ನು ಬೇರೆ ಡಬ್ಬದಲ್ಲಿ ಸಾಕಿ, ಯಾರ ಬಾಯಿಗೂ ಹಿಡಿಸದಷ್ಟು ಬೆಳೆದ ಮೇಲೆ ತೊಟ್ಟಿಗೆ ಬಿಟ್ಟ. ಬಿಡುವ ಮುಂಚೆ ಒಳಗಿನ ಕಲ್ಲು, ಹೆಂಚನ್ನೆಲ್ಲ ಎತ್ತಿ ಜಾಗ ಬದಲಾಯಿಸಿದ.

"ಅದ್ಯಾಕೋ?"

"ಹಳೇ ಜಾಗ ಹಂಗೇ ಇದ್ರೆ ಇದು ನಂದು ಅಂತ ಕಚ್ಚಾಡ್ತವೆ ಅತ್ಗೆ. ಎಲ್ಲಾ ಹೊಸದಾದ್ರೆ ಯಾರ್ದೂ ಅಲ್ಲ. ಹೊಂದ್ಕೊಂಡ್ ಹೋಯ್ತವೆ."

"ನಿಮ್ಮಣ್ಣನ್ನೂ ಒಂದ್ಸಲ ಹಂಗೇ ಎತ್ತಿ ಬೇರೆ ಕಡೆ ಇಡಾನಾ?"

ಶಶಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮನೆಯಲ್ಲಿ ಇಬ್ಬರು ಕೂತು ನಗುತ್ತಿದ್ದ ಜಾಗ ಅದೊಂದೇ. ಮಧ್ಯಾಹ್ನದ ಊಟವಾದ ಮೇಲೆ ಅವನು ಸ್ಟೂಲಿನ ಮೇಲೆ, ಅವಳು ನೆಲದ ಮೇಲೆ. ಮಾತು ಕಮ್ಮಿ. ಆದರೂ ಶಾಂತಾದೇವಿ ಬೆಳಗಿನಿಂದ ಆ ಹೊತ್ತಿಗೆ ಕಾಯುತ್ತಿದ್ದಳು.

* * *

ಮಣ್ಣು ಮುಗಿಸಿ, ತೋಟದ ಪಂಪಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಗಂಡಸರು ಬಂದರು. ಸರ್ವಮಂಗಳ ಹೊಸಿಲಿಗೆ ಅಡ್ಡ ನಿಂತಳು.

"ಅಣ್ಣ, ಒಳಗೆ ಕಾಲಿಡಬ್ಯಾಡ. ಸಾವಿನ ನೀರು ಇನ್ನೂ ಮನೇಲೇ ಐತೆ. ಅತ್ಗೆ ಚೆಲ್ಲಾಕೆ ಬಿಡ್ತಿಲ್ಲ."

ಜೊತೆಗೆ ಬಂದಿದ್ದ ಮಠದ ಅಯ್ಯನೋರು ನಿಧಾನವಾಗಿ ಅಂದರು: "ನಮ್ಮಲ್ಲಿ ಸೂತಕ ಅನ್ನೋದೇ ಇಲ್ಲ ತಾಯಿ. ಲಿಂಗೈಕ್ಯ ಆದೋರಿಗೆ ಎಂಥಾ ಮೈಲಿಗೆ?"

"ಅದು ಶಾಸ್ತ್ರದ ಮಾತು ಬುದ್ಧಿ. ನಮ್ಮವ್ವ ಚೆಲ್ತಿದ್ಲು, ಅವಳವ್ವನೂ ಚೆಲ್ತಿದ್ಲು." ಶಾಸ್ತ್ರ ಎಲ್ಲಿ ಗೆದ್ದರೂ ಅವ್ವನ ಮುಂದೆ ಗೆಲ್ಲುವುದುಂಟೆ?

ಕರಿಬಸವಯ್ಯನ ಕಣ್ಣು ಕೆಂಪಗಿತ್ತು. ಬೆಳಗಿನಿಂದ ಅವನು ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಹೂವಿನವನನ್ನು ಬೈದಿದ್ದ, ಗುಂಡಿ ತೋಡಿದವರನ್ನು ಬೈದಿದ್ದ, ಉಪ್ಪು ವಿಭೂತಿ ಸಾಲದೆಂದು ಗುಂಡಿಯ ಅಂಚಿನಲ್ಲೇ ನಿಂತು ಗುಡುಗಿದ್ದ.

"ಏನೇ ಇದು? ಸತ್ತೋನು ನನ್ನ ತಮ್ಮ, ನೀನು ಮೀನಿಗೆ ಅಳ್ತೀಯಾ? ಎತ್ತಿ ಮೋರಿಗೆ ಸುರಿ!"

ಶಾಂತಾದೇವಿ ತೊಟ್ಟಿಗೆ ಬೆನ್ನು ಕೊಟ್ಟು ನಿಂತೇ ಇದ್ದಳು.

"ನಿಮಗೆ ತಮ್ಮ ರೀ. ಬೆಳಗ್ಗಿಂದ ಬಂದೋರೆಲ್ಲ ನಿಮ್ಮ ಹೆಗಲು ಮುಟ್ಟಿ ಸಮಾಧಾನ ಹೇಳಿದ್ರು. ನನ್ನ ಒಬ್ಬರಾದ್ರೂ ಕೇಳಿದ್ರಾ? ಟೀಗೆ ಸಕ್ಕರೆ ಎಲ್ಲೈತೆ ಅಂತ ಕೇಳಿದ್ರು. ಅವನು ನನಗೆ ಏನಾಗಬೇಕಿತ್ತು ಅಂತ ಹೇಳಾಕೆ ನನಗೂ ಗೊತ್ತಿಲ್ಲ. ಮಗ ಅಂದ್ರೆ ನಗ್ತೀರಿ. ಅವನು ಕಾಪಾಡಿಕೊಂಡು ಬಂದ ಜೀವ ಇವು. ಮೋರಿಗೆ ಸುರಿಯೋದಾದ್ರೆ ನನ್ನೂ ಸುರೀರಿ."

ಬೀದಿಗೆ ಬೀದಿಯೇ ನೋಡುತ್ತಿತ್ತು. ಕರಿಬಸವಯ್ಯ ಬಾಯಿ ತೆರೆದ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

"ಹಂಗಾದ್ರೆ ಅವುಗಳ ಜೊತೆ ನೀನೇ ಇರು," ಅಂದು ತಿರುಗಿ ನಡೆದ.

ಹಿಂದಿನ ಬೀದಿಯ ಸರ್ವಮಂಗಳಳ ಮನೆಯಲ್ಲಿ ಊಟದ ಎಲೆ ಬಿತ್ತು. ಇಲ್ಲಿ ಹಾಸಿದ್ದ ಜಮಖಾನೆಯನ್ನೂ ಎತ್ತಿಕೊಂಡು ಹೋದರು. ಬಾ ಅಂತ ಶಾಂತಾದೇವಿಯನ್ನು ಯಾರೂ ಕರೆಯಲಿಲ್ಲ.

* * *

ಮುಸ್ಸಂಜೆಯ ಹೊತ್ತಿಗೆ ಜಗಲಿಯ ಮೇಲೆ ಯಾರೋ ಕೂತ ಸದ್ದಾಯಿತು. ಕೆಮ್ಮಿನಲ್ಲೇ ಗಂಡನೆಂದು ಗೊತ್ತಾಯಿತು. ಒಳಗೆ ಬರಲಿಲ್ಲ. ಅವಳೂ ಕರೆಯಲಿಲ್ಲ.

"ಉಂಡ್ರಾ?" ಒಳಗಿನಿಂದಲೇ ಕೇಳಿದಳು.

"ಸೇರಲಿಲ್ಲ. ಅವಕ್ಕೆ ಹಾಕಿದ್ಯಾ?"

"ಒಂದಕ್ಕೆ ಹಾಕಿದೆ. ಗಾಜಿಗೆ ಗುದ್ದಿ ಗುದ್ದಿ ಕೇಳ್ತು. ಹಾಕೋವರ್ಗೂ ಬಿಡಲ್ಲ ಅದು."

"ಇನ್ನೊಂದು?"

"ಅದು ಕೇಳಲ್ಲ. ಬೆಳಕಿದ್ರೆ ಹೆಂಚಿನ ಸಂದಿಯಿಂದ ಹೊರಗೇ ಬರಲ್ಲ. ದೀಪ ಆರಿಸಿ ಬಿಟ್ರೆ ಬಂದು ತಿನ್ನುತ್ತೆ."

"ನಿನ್ನೆ ತಿಂತಾ?"

"ನಿನ್ನೆ ಆರಿಸೋರು ಯಾರಿದ್ರು? ರಾತ್ರಿಯೆಲ್ಲ ಭಜನೆ, ಜನ."

ಕರಿಬಸವಯ್ಯ ಹೊರಗಿನಿಂದಲೇ, "ಆರಿಸು ಮತ್ತೆ," ಅಂದ.

ಶಾಂತಾದೇವಿ ಸೌತೆಕಾಯಿಯ ಬಿಲ್ಲೆಯೊಂದನ್ನು ಚಮಚಕ್ಕೆ ಸಿಕ್ಕಿಸಿ ತಳಕ್ಕೆ ಬಿಟ್ಟಳು. ತೊಟ್ಟಿಯ ಲೈಟು, ನಡುಮನೆಯ ಲೈಟು, ಜಗಲಿಯ ಲೈಟು ಮೂರನ್ನೂ ಆರಿಸಿ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಳು. ಕತ್ತಲಲ್ಲಿ ತೊಟ್ಟಿಗೆ ಗಾಳಿ ಬಿಡುವ ಮೋಟರು ಗುಂಯ್ ಅನ್ನುತ್ತಿತ್ತು. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಹೆಂಚಿನ ಅಡಿಯಿಂದ ಒಂದು ಮೀಸೆ, ಆಮೇಲೆ ಇನ್ನೊಂದು ಆಡಿದಂತಾಯಿತು. ಮೀನು ಪೂರ್ತಿ ಹೊರಬಂದು ಬಿಲ್ಲೆಗೆ ಬಾಯಿ ಹಚ್ಚಿತು. "ಬಂತು ಕಣ್ರೀ, ತಿಂತೈತೆ," ಅನ್ನಲು ಅವಳು ಬಾಗಿಲ ಕಡೆ ತಿರುಗಿದಳು.

ಜಗಲಿಯ ಮೇಲಿಂದ ಮೊದಲು ಕೆಮ್ಮಿನಂಥ ಸದ್ದು ಬಂತು. ಕೆಮ್ಮಲ್ಲ. ಟವೆಲ್ಲನ್ನು ಬಾಯಿಗೆ ತುರುಕಿಕೊಂಡು, ಗೋಡೆಗೆ ಮುಖ ಮಾಡಿಕೊಂಡು ಕರಿಬಸವಯ್ಯ ಬಿಕ್ಕುತ್ತಿದ್ದ. "ಶಶೀ, ಮಗಾ," ಅನ್ನುತ್ತಿದ್ದ. ಶಾಂತಾದೇವಿ ಸ್ವಿಚ್ಚಿನ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು.

ಎದುರುಮನೆಯ ಹೆಂಗಸು ಗೇಟಿನ ಹತ್ತಿರ ಬಂದು ಕೂಗಿದಳು: "ಶಾಂತಮ್ಮಾರೆ, ಯಾಕೆ ದೀಪಾನೇ ಹಚ್ಚಿಲ್ಲ? ಕರೆಂಟ್ ಹೋಯ್ತಾ?"

ಬೀದಿಯ ಉದ್ದಕ್ಕೂ ಎಲ್ಲ ಮನೆಗಳಲ್ಲೂ ಲೈಟು ಉರಿಯುತ್ತಿತ್ತು.

"ಹೂಂ ಕಣಮ್ಮ," ಅಂದಳು ಶಾಂತಾದೇವಿ, ಕತ್ತಲಿಂದಲೇ. "ನಮ್ಮನೇದು ಹೋಗೈತೆ."