ಎರಡು ಮುಖದ ಬೋರ್ಡು

ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಬಾಗಿಲ ಮೇಲೆ ಯಾರ ಹೆಸರು ಇರಬೇಕು ಎಂದು ಎರಡು ಸರ್ಕಾರಗಳು ಒಂದು ವರ್ಷದಿಂದ ಕಿತ್ತಾಡುತ್ತಿದ್ದವು. ಕೇಂದ್ರದವರು ಹೇಳಿದರು: ಯಂತ್ರ ಕೊಟ್ಟವರು ನಾವು, ಫಿಲ್ಟರ್ ಕಳಿಸುವವರು ನಾವು, ನಮ್ಮ ಯೋಜನೆಯ ಹೆಸರು ನೀಲಿ ಬಣ್ಣದಲ್ಲಿ ಬಾಗಿಲ ಮೇಲಿರಲಿ, ಇಲ್ಲದಿದ್ದರೆ ಫಿಲ್ಟರ್ ಇಲ್ಲ. ರಾಜ್ಯದವರು ಹೇಳಿದರು: ಕಟ್ಟಡ ನಮ್ಮದು, ನರ್ಸುಗಳ ಸಂಬಳ ನಮ್ಮದು, ಕರೆಂಟು ನಮ್ಮದು, ನಮ್ಮ ಹಸಿರು ಬೋರ್ಡು ಇಳಿಸಿ ಆ ನೀಲಿ ಬೋರ್ಡು ಏರಿಸಿದ ಅಧಿಕಾರಿ ಮನೆಗೆ ಹೋಗಬಹುದು. ಒಳಗೆ ಮಲಗಿದವರ ಕಿಡ್ನಿಗೆ ನೀಲಿ ಯಾವುದು, ಹಸಿರು ಯಾವುದು ಎಂದು ಗೊತ್ತಾಗುವುದಿಲ್ಲ ಎಂಬ ಸಣ್ಣ ವಿಷಯ ಇಬ್ಬರ ತಲೆಗೂ ಹೋದ ಹಾಗಿರಲಿಲ್ಲ.

ಈ ಇಬ್ಬರ ನಡುವೆ ಸಿಕ್ಕಿಕೊಂಡವಳು ಆಸ್ಪತ್ರೆಯ ಮುಖ್ಯಸ್ಥೆ. ಊರವರ ಬಾಯಲ್ಲಿ ಅವಳು ದೊಡ್ಡ ಡಾಕ್ಟರಮ್ಮ. ಆಳು ಕುಳ್ಳಿ, ಸಿಟ್ಟು ಮಾತ್ರ ದೊಡ್ಡದು. ಆದರೆ ಸಿಟ್ಟಿನಿಂದ ಫಿಲ್ಟರ್ ಬರುವುದಿಲ್ಲವಲ್ಲ. ಫಿಲ್ಟರ್ ಇಲ್ಲದೆ ಯಂತ್ರ ಓಡುವುದಿಲ್ಲ, ಯಂತ್ರ ಓಡದಿದ್ದರೆ ರಕ್ತ ಶುದ್ಧವಾಗುವುದಿಲ್ಲ. ಅದಕ್ಕೇ ಅವಳು ಕಾಂಪೌಂಡರ್ ಹೇಳಿಕೊಟ್ಟ ಉಪಾಯಕ್ಕೆ ಒಪ್ಪಿಕೊಂಡಳು.

ಉಪಾಯ ಬಹಳ ಸುಲಭ. ಒಂದೇ ತಗಡು, ಎರಡು ಮುಖ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ. ದಿನನಿತ್ಯ ಹಸಿರು ಮುಖ ಹೊರಗೆ. ಕೇಂದ್ರದ ತಪಾಸಣೆ ತಂಡ ಬಂದರೆ ಊರ ಹೊರಗಿನ ಟೋಲ್ ಗೇಟಿನಲ್ಲಿ ಕೆಲಸ ಮಾಡುವ ಕಾಂಪೌಂಡರನ ಷಡ್ಡಕ ಫೋನು ಮಾಡುತ್ತಿದ್ದ. ಅವರ ಜೀಪು ಆಸ್ಪತ್ರೆಗೆ ತಲುಪುವ ಹೊತ್ತಿಗೆ ಕಾಂಪೌಂಡರ್ ಸ್ಟೂಲು ಹತ್ತಿ ಬೋರ್ಡು ತಿರುಗಿಸಿ, ಏನೂ ಅರಿಯದವನ ಹಾಗೆ ಮಾತ್ರೆ ಎಣಿಸುತ್ತ ಕೂತಿರುತ್ತಿದ್ದ. ಎರಡೂ ಸರ್ಕಾರಗಳ ಕಣ್ಣಿಗೆ ಮಣ್ಣೆರಚಿದೆವೆಂದು ಡಾಕ್ಟರಮ್ಮ ಮನೆಯಲ್ಲಿ ಹೇಳಿಕೊಂಡು ನಕ್ಕದ್ದೂ ಉಂಟು. ಸ್ವಲ್ಪ ತಡೆದು ನಗಬೇಕಿತ್ತು.

ಒಬ್ಬ ನರ್ಸಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಎಲ್ಲರೂ ವಾರ್ಡಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಹಿಂದೆ ಹಸಿರು ಬೋರ್ಡು ಲಕಲಕ ಹೊಳೆಯುತ್ತಿತ್ತು. ಫೋಟೋ ಫೋನಿನಿಂದ ಫೋನಿಗೆ ಹಾರಿ ಕೇಂದ್ರದ ಕಚೇರಿಯನ್ನೂ ಮುಟ್ಟಿತು. ಮುಂದಿನ ತಿಂಗಳಿಂದ ಫಿಲ್ಟರ್ ಬಂದ್.

ಇದ್ದ ದಾಸ್ತಾನನ್ನು ಎಳೆದೂ ಎಳೆದೂ ಬಳಸಿದರು. ವಾರಕ್ಕೆ ಮೂರು ಸಲ ಬರುತ್ತಿದ್ದವರಿಗೆ ಎರಡು ಸಲ, ಆಮೇಲೆ ಒಂದೇ ಸಲ. ಹಾಗೆ ಬರುತ್ತಿದ್ದವರಲ್ಲಿ ಡಾಕ್ಟರಮ್ಮನ ಗಂಡನ ಅಣ್ಣನೂ ಒಬ್ಬ. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿರುವ ದರ್ಜಿ. ಮನೆಯವರಿಗೆ ಮೊದಲು ಮಾಡಿಸಿಕೊಟ್ಟಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದೆಂದು ಅವಳು ಭಾವನ ಸರದಿಯನ್ನು ಎಲ್ಲರಿಗಿಂತ ಕೊನೆಗೆ ಹಾಕಿದ್ದಳು. ಆ ಕೊನೆಯ ಸರದಿಯೂ ಎರಡು ಸಲ ತಪ್ಪಿತು. ಈಗ ಅವರಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಅವಳು ಎದುರಾದರೆ ಊಟ ಆಯಿತಾ ಎಂದಷ್ಟೇ ಕೇಳುತ್ತಿದ್ದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಕೇಂದ್ರದಿಂದ ಸುದ್ದಿ ಬಂತು. ಫಿಲ್ಟರುಗಳನ್ನು ವ್ಯಾನಿನಲ್ಲಿ ತರುತ್ತೇವೆ, ನೀಲಿ ಬೋರ್ಡಿನ ಫೋಟೋ ತೆಗೆದ ಮೇಲೆ ಇಳಿಸುತ್ತೇವೆ. ಈ ಸುದ್ದಿ ರಾಜ್ಯದ ಆರೋಗ್ಯ ಕಾರ್ಯದರ್ಶಿಯ ಕಿವಿಗೂ ಬಿತ್ತು. ಹಸಿರು ಬೋರ್ಡು ಹೇಗೆ ಇಳಿಯುತ್ತದೋ ನೋಡೇ ಬಿಡೋಣವೆಂದು ಆತನೂ ಅದೇ ದಿನ ಹೊರಟ. ಟೋಲ್ ಗೇಟಿನ ಷಡ್ಡಕ ವ್ಯಾನು ನೋಡಿ ಫೋನು ಮಾಡಿದ. ಅದರ ಹಿಂದೆಯೇ ಬಂದ ಕಾರು ಯಾರದೆಂದು ಅವನಿಗೆ ಗೊತ್ತಾಗಲಿಲ್ಲ.

ಹೀಗಾಗಿ ಇಬ್ಬರೂ ವಾರ್ಡಿನ ಮೆಟ್ಟಿಲ ಬಳಿ ಬಂದು ನಿಂತಾಗ ಕಾಂಪೌಂಡರ್ ಸ್ಟೂಲಿನ ಮೇಲಿದ್ದ, ಬೋರ್ಡು ಅರ್ಧ ತಿರುಗಿತ್ತು. ಒಂದು ಕಡೆಯಿಂದ ಕೇಂದ್ರದ ಅಧಿಕಾರಿ ನೋಡುತ್ತಿದ್ದಾನೆ, ಇನ್ನೊಂದು ಕಡೆಯಿಂದ ಕಾರ್ಯದರ್ಶಿ. ಕಾಂಪೌಂಡರ್ ಬೋರ್ಡು ಹಿಡಿದುಕೊಂಡೇ ಡಾಕ್ಟರಮ್ಮನ ಕಡೆ ಕತ್ತು ಹೊರಳಿಸಿದ.

"ಅಮ್ಮಾ, ಯಾವ ಕಡೆ ತಿರುಗಿಸ್ಲಿ?" ಎಂದ.

ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಖಾಲಿ ಯಂತ್ರಗಳು, ಹೊರಗೆ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದವರು, ಅವರ ತುದಿಯಲ್ಲಿ ಭಾವ. ಯಾವ ಕಡೆ ತಿರುಗಿಸಿದರೂ ಒಬ್ಬರ ಕಾಲು ಹಿಡಿಯಬೇಕು. ಅವಳಿಗೆ ಪಿತ್ತ ನೆತ್ತಿಗೇರಿತು.

"ಕೆಳಗಿಳಿಸು," ಎಂದಳು.

"ಏನು?"

"ಬೋರ್ಡು ಕಣೋ. ಬಿಚ್ಚಿ ಕೆಳಗಿಳಿಸು."

ಬೋರ್ಡು ಇಳಿಯಿತು. ಅವಳು ಅದನ್ನು ಗೋಡೆಗೆ ಒರಗಿಸಿ ಇಬ್ಬರ ಕಡೆಗೂ ತಿರುಗಿದಳು.

"ಇದಕ್ಕೆ ಎರಡು ಮುಖ ಇದೆ. ಮಾಡಿಸಿದ್ದು ನಾನೇ. ಇಷ್ಟು ದಿನ ನಿಮ್ಮಿಬ್ಬರಿಗೂ ಟೋಪಿ ಹಾಕ್ತಾ ಬಂದೆ. ಇವತ್ತಿಗೆ ಸಾಕಾಯ್ತು. ಫಿಲ್ಟರ್ ಇಳಿಸಿ."

"ಫೋಟೋ ಇಲ್ಲದೆ ಇಳಿಸೋ ಹಾಗಿಲ್ಲ ಮೇಡಂ," ಎಂದ ಕೇಂದ್ರದ ಅಧಿಕಾರಿ. ಕೆಟ್ಟವನಲ್ಲ, ಮೇಲಿನವರು ಹೇಳಿದ್ದನ್ನು ಒಪ್ಪಿಸುವವನು. "ಹಣ ನಮ್ಮದು. ಹೆಸರೂ ನಮ್ಮದು ಇರಬೇಕಲ್ವಾ?"

"ಹಣ ನಿಮ್ಮದು ಹೇಗ್ರೀ ಆಗುತ್ತೆ?" ಕಾರ್ಯದರ್ಶಿ ಮೇಲೆ ಬಿದ್ದ. "ನಮ್ಮ ರಾಜ್ಯದಿಂದಲೇ ವಸೂಲಿ ಮಾಡಿ, ನಮಗೇ ದಾನ ಕೊಟ್ಟ ಹಾಗೆ ಆಡ್ತೀರಲ್ಲ!"

ಇಬ್ಬರೂ ಮೆಟ್ಟಿಲ ಮೇಲೇ ಶುರುವಿಟ್ಟುಕೊಂಡರು. ಪಾಲು, ಹಂಚಿಕೆ, ಬಾಕಿ. ಬೆಂಚಿನ ತುದಿಯಲ್ಲಿದ್ದ ದರ್ಜಿ ಗೋಡೆ ಹಿಡಿದು ಎದ್ದರು. ನಾಲ್ಕು ಹೆಜ್ಜೆಗೇ ಏದುಸಿರು.

"ಸ್ವಾಮಿ, ನೂಲು ಕೊಂಡ್ರೆ ತೆರಿಗೆ ಕಟ್ತೀನಿ. ಗುಂಡಿ ಕೊಂಡ್ರೂ ಕಟ್ತೀನಿ. ಅಂಗಡಿ ಬಲ್ಬಿಗೂ ಕಟ್ತೀನಿ. ಅದ್ರಲ್ಲಿ ನಿಮಗೆಷ್ಟು, ಇವರಿಗೆಷ್ಟು ಅಂತ ಯಾವತ್ತಾದ್ರೂ ಕೇಳಿದೀನಾ?" ಉಸಿರಿಗಾಗಿ ನಿಂತರು. "ಹಂಚ್ಕೊಳ್ಳೋವಾಗ ನೀವಿಬ್ರೂ ಹೊಡೆದಾಡಿ, ಬೇಡ ಅನ್ನಲ್ಲ. ನಮ್ಮ ಮೈಮೇಲೆ ನಿಂತ್ಕೊಂಡು ಹೊಡೆದಾಡ್ಬೇಡಿ."

ಕಾರ್ಯದರ್ಶಿಗೆ ಪಕ್ಕದವರು ಏನೋ ಪಿಸುಗುಟ್ಟಿದರು. ಆತನ ತುಟಿ ಕೊಂಕಿತು. "ಓಹೋ, ಇವರು ನಿಮ್ಮ ಭಾವ ಅಂತೆ? ಮನೆಯವರಿಗೋಸ್ಕರ ಸರ್ಕಾರದ ಮರ್ಯಾದೆ ಕಳೀತಿದೀರಾ ಡಾಕ್ಟ್ರೇ?"

ಆ ಮಾತು ಅವಳ ಎದೆಗೆ ನಾಟಿತು. ಯಾವ ಮಾತಿಗೆ ಹೆದರಿ ಅವಳು ಭಾವನನ್ನು ಇಷ್ಟು ನರಳಿಸಿದ್ದಳೋ ಅದೇ ಮಾತು ಕೊನೆಗೂ ಬಂದೇ ಬಂದಿತ್ತು.

"ಹೌದು, ಭಾವ. ನೀವು ಹೀಗಂತೀರ ಅಂತ ಹೆದರ್ಕೊಂಡೇ ಇವರನ್ನ ಕೊನೆಗೆ ತಳ್ಳಿದೆ. ಅವರ ಕಾಲು ನೋಡಿ. ನೋಡ್ರೀ! ಇನ್ಮೇಲೆ ನಾನು ಯಾರ ಬಾಯಿಗೂ ಹೆದರಲ್ಲ."

ಅವಳು ಸೀದಾ ವ್ಯಾನಿನ ಹತ್ತಿರ ಹೋಗಿ ಹಿಂಬಾಗಿಲು ತೆಗೆದಳು. ಡ್ರೈವರ್ ಕೇಂದ್ರದ ಸಾಹೇಬರ ಮುಖ ನೋಡಿದ. ಸಾಹೇಬರು ಫೋನು ಎತ್ತಿ ಹಿಡಿದರು. "ಮೇಡಂ, ಇದೆಲ್ಲ ರೆಕಾರ್ಡ್ ಆಗ್ತಿದೆ."

"ಫೋಟೋ ಬೇಕು ಅಂದ್ರಲ್ಲ, ತಗೊಳ್ಳಿ. ಮುಖ ಸರಿಯಾಗಿ ಬರ್ಲಿ," ಎಂದು ಅವಳು ಮೊದಲ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿಸಿದಳು. ಎರಡನೆಯದನ್ನು ಕಾಂಪೌಂಡರ್ ಇಳಿಸಿದ. ಆಮೇಲೆ ಬೆಂಚಿನ ಮೇಲಿದ್ದವರ ಹೆಂಡಿರು, ಮಕ್ಕಳು, ಅಳಿಯಂದಿರು ಒಬ್ಬೊಬ್ಬರಾಗಿ ಬಂದು ಸಾಲು ಕಟ್ಟಿದರು. ಪೆಟ್ಟಿಗೆಗಳು ಕೈಯಿಂದ ಕೈಗೆ ಸಾಗಿ ಒಳಗೆ ಹೋದವು. ಅಷ್ಟು ಜನರನ್ನು ತಡೆಯುವ ಬದಲು ಇಬ್ಬರು ಅಧಿಕಾರಿಗಳೂ ದೂರ ಸರಿದು ತಮ್ಮ ತಮ್ಮ ಮೇಲಿನವರಿಗೆ ಫೋನು ಹಚ್ಚಿದರು.

ಸಂಜೆ ಅವಳು ವಾರ್ಡಿನಲ್ಲಿ ಭಾವನ ಪಕ್ಕ ನಿಂತಿದ್ದಳು. ಯಂತ್ರ ಓಡುತ್ತಿತ್ತು. ಅವರು ಬಹಳ ದಿನಗಳ ಮೇಲೆ ದಿಂಬಿಗೆ ತಲೆಯಿಟ್ಟು ಮಲಗಿದ್ದರು. ಕಾಂಪೌಂಡರ್ ಆದೇಶದ ಪ್ರತಿ ಹಿಡಿದು ಓಡಿಬಂದ. ಕೇಂದ್ರದ ಶಿಫಾರಸು, ರಾಜ್ಯದ ಸಹಿ. ಒಂದು ತಗಡಿನ ವಿಷಯದಲ್ಲಿ ವರ್ಷವಿಡೀ ಒಂದಾಗದ ಎರಡು ಸರ್ಕಾರಗಳು ಅವಳನ್ನು ಅಮಾನತು ಮಾಡಲು ಅರ್ಧ ದಿನದಲ್ಲಿ ಒಂದಾಗಿದ್ದವು.

"ಯಾವಾಗಿಂದ ಅಂತ ಬರೆದಿದಾರೆ?" ಎಂದು ಕೇಳಿದಳು.

"ನಾಳೆ ಬೆಳಿಗ್ಗೆಯಿಂದ ಅಮ್ಮಾ."

ಅವಳು ವಾರ್ಡಿನ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಹಾಗಾದ್ರೆ ಸರದಿ ತಪ್ಪಿದವರಿಗೆಲ್ಲ ಫೋನ್ ಮಾಡು. ಒಬ್ಬರನ್ನೂ ಬಿಡ್ಬೇಡ. ಬೆಳಗಾಗೋವರೆಗೆ ಈ ಆಸ್ಪತ್ರೆಗೆ ನಾನೇ ಯಜಮಾನಿ."