ಯಾರ ಕೈಗೂ ಹತ್ತದ ನೀಲಿ

ಜ್ವರ ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನನ್ನ ಕಂಪ್ಯೂಟರಿನಲ್ಲಿ ಮನುಷ್ಯರೆಲ್ಲ ಚುಕ್ಕಿಗಳು. ಒಂದು ಚುಕ್ಕಿ ದಿನಕ್ಕೆ ಎಷ್ಟು ಚುಕ್ಕಿಗಳನ್ನು ಮುಟ್ಟುತ್ತದೆ ಎಂದು ತಿಳಿದರೆ ಉಳಿದದ್ದನ್ನು ಸಮೀಕರಣ ನೋಡಿಕೊಳ್ಳುತ್ತದೆ. ಮಕ್ಕಳ ವಿಷಯದಲ್ಲಿ ಮಾತ್ರ ಆ ಸಂಖ್ಯೆಯನ್ನು ಅಂದಾಜಿನಲ್ಲೇ ತುಂಬುತ್ತಿದ್ದೆ. ನಿಜಕ್ಕೂ ಎಷ್ಟು ಎಂದು ನೋಡುವ ಆಸೆಯಾಗಿ ಅವಳ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಲೇ ಎಂದು ಮಗಳ ಟೀಚರನ್ನು ಕೇಳಿಕೊಂಡೆ. ಅವರು ಒಪ್ಪಿದರು.

ಮಗಳಿಗೆ ಅದು ಹೊಸ ಶಾಲೆ. ಮಾತಿನಮಲ್ಲಿ ಎಂದು ಅಜ್ಜಿಯಿಂದ ಹೆಸರು ಪಡೆದವಳು ಇಲ್ಲಿಗೆ ಬಂದ ಮೇಲೆ ಮೆತ್ತಗಾಗಿದ್ದಳು. ನಮ್ಮನ್ನು ನೋಡಲು ಬಂದಿದ್ದ ನನ್ನಮ್ಮನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಅಲ್ವೇ, ಮಗು ಸ್ಕೂಲಿನ ಸುದ್ದಿನೇ ಎತ್ತಲ್ವಲ್ಲ. ಒಬ್ಬಳಾದ್ರೂ ಗೆಳತಿ ಇದ್ದಾಳೋ ಇಲ್ವೋ?" ಎಂದರು, ಬೀನ್ಸಿನ ನಾರು ತೆಗೆಯುತ್ತಾ. "ಇಲ್ಲ ಅಂದ್ರೆ ಹೇಳಿಬಿಡು. ಭಾನುವಾರ ನನ್ ಜೊತೆ ಕರ್ಕೊಂಡು ಹೋಗ್ತೀನಿ. ಹಳೇ ಸ್ಕೂಲು ನಮ್ಮನೆಯಿಂದ ಕೂಗಿದ್ರೆ ಕೇಳ್ಸತ್ತೆ."

"ಸ್ವಲ್ಪ ತಾಳಮ್ಮ."

"ನೀನು ತಾಳ್ತೀಯ, ನಿಂಗೆ ಚುಕ್ಕಿಗಳಿವೆ. ಅವಳಿಗೆ ಯಾರಿದ್ದಾರೆ?"

ನಾನು ಮರುದಿನದ ಪ್ರಯೋಗಕ್ಕೆ ಚಾಕ್‌ಪೀಸುಗಳನ್ನು ಪುಡಿ ಮಾಡಲು ಕೂತೆ.

ಮರುದಿನ ಬೆಳಿಗ್ಗೆ ತರಗತಿಯ ಕೆಲವು ಮಕ್ಕಳ ಬಲಗೈಗೆ ಚಾಕ್‌ಪೀಸಿನ ಪುಡಿ ಸವರಿದೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಮಗಳಿಗೆ ನೀಲಿ ಬಂತು.

"ಈ ಬಣ್ಣಾನ ಜ್ವರ ಅಂದ್ಕೊಳ್ಳಿ. ದಿನಾ ಆಡೋ ಹಾಗೇ ಆಡಿ. ಯಾರ ಜ್ವರ ಎಲ್ಲೆಲ್ಲಿ ಹೋಯ್ತು ಅಂತ ಸಂಜೆ ಹುಡುಕೋಣ," ಎಂದೆ.

ಸಂಜೆ ಹೋಗಿ ನೋಡಿದರೆ ಕೆಂಪು ಅರ್ಧ ತರಗತಿಯನ್ನು ಸುತ್ತಿ, ನಲ್ಲಿಯನ್ನೂ ಬಾಗಿಲ ಚಿಲಕವನ್ನೂ ಮಾತಾಡಿಸಿಕೊಂಡು ಬಂದಿತ್ತು. ಹಳದಿ ಟೀಚರ ಕಿವಿಯ ಮೇಲೂ ಇತ್ತು. "ಚಾಡಿ ಹೇಳೋಕೆ ಬಂದವನ ಕೈಗುರುತು ಇದು," ಎಂದು ಅವರು ನಕ್ಕರು. ನೀಲಿ ಮಾತ್ರ ಮಗಳ ಕೈ ಬಿಟ್ಟು ಬೇರೆಲ್ಲೂ ಇರಲಿಲ್ಲ. ಬೆಂಚು ಬೆಂಚು ಬಗ್ಗಿ ನೋಡಿದೆ, ಒಂದೊಂದು ಕೈಯನ್ನೂ ಬೆಳಕಿಗೆ ಹಿಡಿದು ನೋಡಿದೆ.

ನನ್ನ ಕೆಲಸದಲ್ಲಿ ಇಂಥ ಚುಕ್ಕಿ ಸಿಕ್ಕರೆ ಸಂತೋಷ. ರೋಗ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಆದರೆ ಈ ಚುಕ್ಕಿ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಸೆರಗು ಹಿಡಿದು ನಡೆಯುತ್ತಿತ್ತು.

ವಿಷಯ ಕೇಳಿ ಅಮ್ಮ ಬ್ಯಾಗು ತೆಗೆದು ಮೊಮ್ಮಗಳ ಬಟ್ಟೆಗಳನ್ನು ಮಡಚಿ ಇಡತೊಡಗಿದರು. ನಾನು ಯೂನಿಫಾರ್ಮ್ ಒಗೆಯಲು ಹೋಗಿ ಜೇಬು ತಿರುವಿದೆ.

"ಇದೇನೇ, ಜೇಬೆಲ್ಲ ನೀಲಿ?"

"ಕೈ ಅದರೊಳಗೇ ಇಟ್ಕೊಂಡಿದ್ದೆ. ಇಡೀ ದಿನ!" ಮಗಳ ದನಿಯಲ್ಲಿ ಜಂಬ. "ಊಟಾನೂ ಎಡಗೈಲಿ, ಚಮಚ ಹಿಡ್ಕೊಂಡು. ಒಂದ್ಸಲ ಮೂಗು ಎಷ್ಟು ತುರಿಸ್ತು ಗೊತ್ತಾ!"

"ಯಾಕೆ ಕಂದ? ಯಾರೂ ಆಟಕ್ಕೆ ಕರೀಲಿಲ್ವಾ?"

"ಕರೆದ್ರು. ಕನ್ನಡಕದವಳು ಎಳ್ಕೊಂಡು ಹೋಗೋಕೇ ಬಂದ್ಲು. ನಾನು ಓಡಿಬಿಟ್ಟೆ." ಆಮೇಲೆ ಇಷ್ಟೂ ತಿಳಿಯದೇ ಎನ್ನುವಂತೆ ನನ್ನ ಮುಖ ನೋಡಿದಳು. "ಅದು ಜ್ವರ ಅಂತ ನೀನೇ ತಾನೆ ಹೇಳಿದ್ದು? ಗೆಳತಿಗೆ ಯಾರಾದ್ರೂ ಜ್ವರ ಕೊಡ್ತಾರಾ ಅಮ್ಮಾ?"

"ಮತ್ತೆ ಬಣ್ಣ ಹಚ್ಚಿದ ಉಳಿದವರು?"

"ಅವರಿಗೆ ಆಡ್ತಾ ಆಡ್ತಾ ಮರೆತೇ ಹೋಯ್ತು."

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. "ಗೆಳತಿ ಇದ್ರೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಬರೀ ಹಳೇ ಸ್ಕೂಲು ಬೇಕಾ, ಹಳೇ ಸ್ಕೂಲು ಬೇಕಾ ಅಂತ ಕೇಳ್ತೀಯ ಅಜ್ಜಿ."

ನಾನು ಯೂನಿಫಾರ್ಮ್ ಹಿಡಿದು ನಿಂತೇ ಇದ್ದೆ. ನನ್ನ ಚುಕ್ಕಿಗಳಿಗೆ ತಮಗೆ ಜ್ವರವಿದೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಿದ್ದು, ಎದುರಿಗೆ ಬಂದವರ ಮೇಲಿನ ಪ್ರೀತಿಗೆ ದಿಕ್ಕು ಬದಲಿಸಿ ಓಡುವ ಚುಕ್ಕಿಯನ್ನು ನಾನು ಒಮ್ಮೆಯೂ ಬರೆದಿರಲಿಲ್ಲ. ಮುಟ್ಟಿದ ಕೈಗಳನ್ನು ಎಣಿಸಬಹುದು, ಮುಟ್ಟದೆ ಉಳಿಸಿದ ಕೈಗಳನ್ನು ಎಣಿಸುವುದು ಹೇಗೆ?

"ಎಲ್ಲರಿಂದಲೂ ಒಂದೇ ಥರ ಓಡಿದ್ಯಾ?" ಎಂದು ಕೇಳಿದೆ.

ಅವಳು ಯೋಚಿಸಿದಳು. "ಎಲ್ರಿಂದಾನೂ ಓಡಿದೆ. ಕನ್ನಡಕದವಳಿಂದ ಇನ್ನೂ ಜೋರಾಗಿ."

ಅಮ್ಮ ಬ್ಯಾಗಿನಿಂದ ಫ್ರಾಕುಗಳನ್ನು ಒಂದೊಂದಾಗಿ ತೆಗೆದು ನನ್ನ ಹೆಗಲ ಮೇಲೆ ಹಾಕಿದರು. "ತಗೋ, ಒಳಗಿಡು. ನಾಳೆ ಆ ಕನ್ನಡಕದವಳನ್ನ ಮನೆಗೆ ಕರ್ಕೊಂಡು ಬರಲಿ. ನಾನೂ ನೋಡ್ತೀನಿ."