ಶಾವಿಗೆ ಒತ್ತುವ ಕೋಲು

"ಒತ್ಲಾ ಬಡ್ಡೈದ್ನೆ, ಇಟ್ಟು ಆರೋಯ್ತಾ ಅದೆ," ಎಂದು ಪಟೇಲ ಶಾಂತಮಲ್ಲಪ್ಪನವರು ಅಡುಗೆಮನೆಯ ಕಿಟಕಿಯಿಂದ ಉಗಿದರು.

ಹಿತ್ತಲಿನಲ್ಲಿ ಚಿಕ್ಕಮಾದು ಕೋಲಿನ ತುದಿಗೆ ಜೋತುಬಿದ್ದ. ಶಾವಿಗೆ ಒರಳು ಒಳಗಿತ್ತು. ಅದನ್ನು ಒತ್ತುವ ಉದ್ದನೆಯ ಕೋಲು ಮಾತ್ರ, ಸರಳು ಕಿತ್ತ ಕಿಟಕಿಯಿಂದ ಹೊರಗೆ ಚಾಚಿತ್ತು. ಮಾದು ಒಳಗೆ ಬಂದರೆ ಮನೆ ಮೈಲಿಗೆ. ಅವನ ಭಾರ ಬಂದರೆ ಅಡ್ಡಿಯಿಲ್ಲ. ಪಟೇಲರ ತಾತ ಕಂಡುಹಿಡಿದ ಏರ್ಪಾಟು ಅದು. ಹೇಳಿದ ಮಾತನ್ನು ಅಷ್ಟು ಚೆನ್ನಾಗಿ ಕೇಳುವ ಮೈಲಿಗೆ ಚಂದಕವಾಡಿ ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ.

ನಡುಮನೆಯಲ್ಲಿ ಅಮಲ್ದಾರರು ಎಲೆಯ ಮುಂದೆ ಕೂತಿದ್ದರು. ಮುಟ್ಟಿಸಿಕೊಳ್ಳದಿರುವುದು ಅಪರಾಧವೆಂಬ ಹೊಸ ಕಾನೂನನ್ನು ಬೆಳಿಗ್ಗೆಯಷ್ಟೇ ಅರಳಿಕಟ್ಟೆಯಲ್ಲಿ ಊರಿಗೆ ವಿವರಿಸಿ ಬಹಳ ಹಸಿದಿದ್ದರು.

ಪಟೇಲರು ಅಲ್ಲಿಗೆ ಹೋಗಿ ದನಿ ಬದಲಾಯಿಸಿದರು. "ನಮ್ಮಲ್ಲಿ ಭೇದವೇ ಇಲ್ಲ ಸ್ವಾಮಿ. ನಮ್ಮ ಮಾದ ಅಡುಗೆಮನೆ ಕೆಲಸಾನೇ ಮಾಡ್ತಾನೆ."

ಅಮಲ್ದಾರರಿಗೆ ತುಂಬ ಸಂತೋಷವಾಯಿತು.

ಮಾದುವಿನ ಚಿಂತೆಯೇ ಬೇರೆ. ತುಂಬು ಬಸುರಿ ಹೆಂಡತಿ ಮಂಗಮ್ಮ ಶಾವಿಗೆ, ಕಾಯಿಹಾಲು ಎಂದು ಹಂಬಲಿಸುತ್ತಿದ್ದಳು. ತರುತ್ತೇನೆಂದು ಮಾತು ಕೊಟ್ಟು ಬಂದಿದ್ದ. ಇಷ್ಟು ವರ್ಷ ಒತ್ತಿದರೂ ಅದರ ರುಚಿ ಅವನೂ ಕಂಡವನಲ್ಲ.

"ಅವ್ವೋರೆ, ನನ್ನೆಡ್ತಿ ಬಸ್ರಿ. ಒಂದಿಡಿ ಶಾವ್ಗೆ ಕೊಡಿ," ಎಂದು ಕೋಲಿನ ಮೇಲಿಂದಲೇ ಕಿಟಕಿಯತ್ತ ಕೇಳಿದ.

ಪಟೇಲರ ಹೆಂಡತಿ ಶಿವರುದ್ರಮ್ಮ ಅಚ್ಚಿಗೆ ಅಂಟಿದ್ದ ಒಣಹಿಟ್ಟನ್ನು ಕೆರೆದು ಹೊರಗೆಸೆದರು. ಅದು ಬೂದಿಯ ಮೇಲೆ ಬಿತ್ತು. "ತಕ್ಕೊಂಡೋಗು. ನಿಮ್ ಅಟ್ಟಿ ಬಸ್ರಿಗೆ ಅಷ್ಟು ಸಾಕು."

ಮಾದು ಬೂದಿಯ ಮೇಲಿನ ಹಿಟ್ಟನ್ನು ನೋಡಿದ. ಕೋಲಿನಿಂದ ಇಳಿದ.

"ಯಾಕ್ಲಾ ಬುಟ್ಟೆ? ಒತ್ಲಾ," ಎಂದು ಪಟೇಲರು ಓಡಿಬಂದರು.

"ನೀವೇ ಒತ್ಕಳಿ ಬುದ್ಧಿ."

ಕೋಲನ್ನು ಪೂರ್ತಿ ಹೊರಗೆಳೆದ. ತಿರುಗಿಸಿ, ತನ್ನ ಬೆವರಿಗೆ ಕಪ್ಪಾಗಿದ್ದ ತುದಿಯನ್ನು ಮುಂದು ಮಾಡಿ ಒಳಕ್ಕೆ ನೂಕಿದ. ಅದು ಶಾವಿಗೆ ರಾಶಿಯನ್ನು ಸವರಿಕೊಂಡು ಹೊಸಲು ದಾಟಿ, ಅಮಲ್ದಾರರ ಎಲೆಗೆ ತಗುಲಿ ನಿಂತಿತು. ಅಮಲ್ದಾರರು ಪಂಚೆ ಎತ್ತಿಕೊಂಡು ಎದ್ದುಬಿಟ್ಟರು.

ಕೋಲು ನಡುಮನೆಯಲ್ಲಿ ಬಿದ್ದಿತ್ತು. ತೆಗೆಯೋಣವೆಂದರೆ ಮುಟ್ಟುವವರಿಲ್ಲ. ಪಟೇಲರು ಬೇರೆ ದಾರಿ ಕಾಣದೆ ಕಿಟಕಿಗೆ ಬಂದು, ಹಲ್ಲು ಕಚ್ಚಿಕೊಂಡು ಕರೆದರು.

"ಮಾದ, ಒಳೀಕ್ ಬಾರ್ಲಾ. ಇದ್ನ ತಗಿ."

"ಬತ್ತೀನಿ ಬುದ್ಧಿ," ಎಂದ ಮಾದು, ಹಟ್ಟಿಯ ಕಡೆ ತಿರುಗುತ್ತ. "ಮಂಗೀನೂ ಕರ್ಕಬತ್ತೀನಿ. ಎಲೆ ಆಕ್ಸಿರಿ."